ಏರುವ ಗೇರಿನಲ್ಲೇ ಇಳಿ

"ಯಾವ ಗೇರಿನ್ಯಾಗ ಘಾಟ್ ಏರ್ತಿ, ಅದರಾಗ ಇಳಿ." ತೆಲುಗು ಸೀಮೆಯ ನಾಚಾರಂನಲ್ಲಿರುವ ನಮ್ಮ ಲಾರಿ ಶೆಡ್ಡಿಗೆ ಬರುವ ಪ್ರತಿ ಹೊಸ ಡ್ರೈವರನಿಗೂ ಇದನ್ನು ಬೈದು ಬೈದು ಕಲಿಸಿದವನು ನಾನು. ನನಗೆ ಕಲಿಸಿದವರು ಶೆಡ್ಡಿನ ಹಳೆಯ ಡ್ರೈವರ್ ಶಿವಶರಣಪ್ಪ ಕಾಕಾ.

ಒಂದು ದಿನ ಟ್ರೇಲರಿನ ಮೇಲೆ ಹದಿನೆಂಟು ಟನ್ನಿನ ಯಂತ್ರ ಎಳೆದುಕೊಂಡು ಶ್ರೀಶೈಲದ ಘಾಟಿಗೆ ಬಂದಿದ್ದೆ. ಮಲ್ಲಯ್ಯನ ದರ್ಶನಕ್ಕೆಂದು ಹೊರಟ ಕಾಕಾ ಪಕ್ಕದಲ್ಲಿ ಕೂತಿದ್ದರು. ಇಳಿಜಾರು ಶುರುವಾಗುವ ಮೊದಲೇ ಅಂದರು: "ತಮ್ಮಾ, ಸೆಕೆಂಡ್ ಗೇರ್ ಹಾಕು. ಹಿಂದ ಭಾರ ಭಾಳ ಐತಿ."

"ನನಗ ಗೊತ್ತೈತಿ, ಸುಮ್ಮ ಕೂಡ್ರಿ. ನಿಮ್ಮ ಕಾಲದ ಗಾಡಿ ಅಲ್ಲ ಇದು," ಎಂದು ಸಿಡುಕಿ ನಾಲ್ಕನೇ ಗೇರಿನಲ್ಲೇ ಬಿಟ್ಟೆ.

ಮೂರನೇ ತಿರುವಿಗೆ ಬ್ರೇಕ್ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಪೂರ್ತಿ ತುಳಿದರೂ ಬ್ರೇಕ್ ಹಿಡಿಯಲಿಲ್ಲ. ಹಿಂದಿನ ಭಾರ ನಮ್ಮನ್ನು ದೂಡುತ್ತಿತ್ತು. ಆ ವೇಗಕ್ಕೆ ಸೆಕೆಂಡ್ ಗೇರ್ ಬೀಳಲೇ ಇಲ್ಲ. "ಗುಡ್ಡಕ್ಕ ಒರಸು!" ಎಂದು ಕಾಕಾ ಸ್ಟೇರಿಂಗಿಗೆ ಕೈ ಹಾಕಿ ತಿರುಗಿಸಿದರು. ಗಾಡಿ ಬಂಡೆಗೆ ಉಜ್ಜುತ್ತ ನಿಂತಿತು. ಅವರ ಮುಂಗೈ ಮುರಿದಿತ್ತು.

ಮಾಲೀಕರು ಕೇಳಿದಾಗ ನನಗಿಂತ ಮೊದಲು ಕಾಕಾ ತೆಲುಗಿನಲ್ಲಿ ಹೇಳಿಬಿಟ್ಟರು, ಬ್ರೇಕ್ ಫೇಲಾಯಿತು, ಹುಡುಗನದೇನೂ ತಪ್ಪಿಲ್ಲವೆಂದು. ನಾಚಿಕೆಗೆಟ್ಟವನು ನಾನು, ಹೌದೆಂದು ತಲೆಯಾಡಿಸಿದೆ.

ಮುಂದಿನ ವಾರ ಬೀದರ ಕಡೆಯ ಹೊಸ ಡ್ರೈವರೊಬ್ಬ ಬಂದ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಕಾಕಾ ಶೆಡ್ಡಿನ ಬೆಂಚಿನ ಮೇಲೆ ಕೂತಿದ್ದರು. "ಯಾವ ಗೇರಿನ್ಯಾಗ ಘಾಟ್..." ಎಂದು ಶುರುಮಾಡಿದ ನನ್ನ ಕಣ್ಣು ಆ ಪ್ಲಾಸ್ಟರಿನ ಮೇಲೆ ಬಿತ್ತು.

"ಹೇಳು ತಮ್ಮಾ," ಅಂದರು ಕಾಕಾ. "ನಿನಗ ಗೊತ್ತೈತಿ."