ಉಂಡ ತಟ್ಟೆ

ಶವದ ಕಾರು ಮೈದಾನದ ಮುಕ್ಕಾಲು ಸುತ್ತು ಮುಗಿಸಿ, ಉತ್ತರದ ಗೋಲುಕಂಬಗಳ ಮುಂದೆ ಕೆಸರಿನಲ್ಲಿ ಹೂತು ನಿಂತಿತು. ಚಾಲಕ ಆಕ್ಸಿಲರೇಟರು ಒತ್ತಿದಷ್ಟೂ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿ, ಪಕ್ಕದಲ್ಲಿದ್ದವರ ಕರಿ ಪ್ಯಾಂಟುಗಳಿಗೆಲ್ಲ ರಾಡಿ ಹಾರಿಸಿತು. ಒಳಗೆ, ಕ್ಲಬ್ಬಿನ ಮಫ್ಲರು ಹೊದಿಸಿದ ಪೆಟ್ಟಿಗೆಯಲ್ಲಿ, ಲೆನ್ ಟ್ರೆವಾಸ್ಕಿಸ್ ಇದ್ದ. ಎಂಬತ್ತನಾಲ್ಕು ವರ್ಷ ಬದುಕಿದ, ಅದರಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ, ಶನಿವಾರಗಳಲ್ಲಿ ನಗರದ ದೊಡ್ಡ ಕ್ಲಬ್ಬಿಗಾಗಿ ಈ ಗೋಧಿಸೀಮೆಯ ಹುಡುಗರ ಫುಟ್‌ಬಾಲ್ ಆಟ ನೋಡಿ ಆರಿಸಿ ಕಳಿಸುತ್ತಿದ್ದ ಮನುಷ್ಯ. ಆಟಕ್ಕಾಗಿ ದುಡಿದವರು ಸತ್ತರೆ ಮಣ್ಣಿಗೆ ಹೋಗುವ ಮುಂಚೆ ಮೈದಾನಕ್ಕೆ ಒಂದು ಸುತ್ತು ಹಾಕಿಸುವುದು ಜಿಂಡಾರಾ ಊರಿನ ವಾಡಿಕೆ. ಮೂರು ದಿನ ಬಿಡದೆ ಮಳೆ ಬಿದ್ದಿರುವಾಗ ವಾಡಿಕೆಯನ್ನು ಸ್ವಲ್ಪ ಸಡಿಲಿಸಬಹುದಿತ್ತು. ಆದರೆ ಊರಿನವರು ಇಂಥ ವಿಷಯದಲ್ಲಿ ಒಂದಿಂಚೂ ಬಿಡುವವರಲ್ಲ.

“ಏನ್ ನೋಡ್ತಾ ನಿಂತಿದೀರೋ, ತಳ್ರೋ,” ಎಂದ ಕೆವ್ ಲೀಶ್‌ಮನ್, ಊರಿನ ಹಳೆಯ ಕೋಚ್. ಅವನಿಗೇ ಎಪ್ಪತ್ತೆಂಟು. “ಲೆನ್ ಯಾವಾಗ್ಲೂ ಇದೇ ಕಂಬದ ಹಿಂದೆ ನಿಂತು ನೋಡ್ತಿದ್ದ. ಇವತ್ತೂ ಆಟ ಮುಗಿಯೋ ತನಕ ಬರಲ್ಲ ಅಂತಿದಾನೆ.”

ಎಂಟು ಜನ ಹೆಗಲು ಕೊಟ್ಟರೂ ಕಾರು ಅಲುಗಲಿಲ್ಲ. ಆಗ ಬೇಲಿಯಾಚೆ ಒಂಟಿಯಾಗಿ ನಿಂತಿದ್ದ ಒಬ್ಬ ಯಾರನ್ನೂ ಮಾತಾಡಿಸದೆ ಬಗ್ಗಿ ಒಳಗೆ ಬಂದು, ಬಂಪರಿನ ಕೆಳಗೆ ಕೈ ಕೊಟ್ಟು ಎತ್ತಿದ. ಕಾರು ಒಂದೇ ಏಟಿಗೆ ಮೇಲೆ ಬಂತು. ಅವನು ಮೊಣಕಾಲ ತನಕ ಕೆಸರಾಗಿ ಹಿಂದೆ ಉಳಿದ.

ಲೆನ್‌ನ ಮಗಳು ಗ್ಲೆನಿಸ್‌ಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಡಾರಿಲ್ ಕ್ರೋಜಿಯರ್. ಶಾಲೆಯಲ್ಲಿ ಅವಳ ತರಗತಿಯವನು. ಮೂವತ್ತೆಂಟು ವರ್ಷ ಕಸಾಯಿ ಕಾರ್ಖಾನೆಯಲ್ಲಿ ಮೂಳೆ ಬಿಡಿಸಿ, ಕುಡಿದು, ಬಿಟ್ಟು, ಮತ್ತೆ ಕುಡಿದು, ಈಗ ಗೋಧಿ ಗೋದಾಮಿನ ಹಿಂದೆ ಒಂದು ಕ್ಯಾರವಾನಿನಲ್ಲಿ ಒಬ್ಬನೇ ಇದ್ದಾನೆ ಎಂದು ಕೇಳಿದ್ದಳು.

“ಡಾರಿಲ್ ಅಲ್ವಾ?”

“ಹೂಂ. ಅಪ್ಪ ಹೋದ್ರು ಅಂತ ಗೊತ್ತಾಯ್ತು.” ಅವನು ಕೈ ಒರೆಸಿಕೊಂಡ. “ಗ್ಲೆನಿಸ್, ಒಂದು ಕೇಳ್ಬೇಕಿತ್ತು. ಇವತ್ತು ಕೇಳೋದು ಸರಿಯಲ್ಲ, ಗೊತ್ತು. ಇವತ್ತು ಬಿಟ್ರೆ ಇನ್ಯಾವತ್ತು ಕೇಳ್ಲಿ?”

“ಕೇಳು.”

“ನಿಮ್ಮಪ್ಪ ಎಲ್ಲಾ ಹುಡುಗರ ಬಗ್ಗೆನೂ ಪುಸ್ತಕದಲ್ಲಿ ಬರೀತಿದ್ರು. ಎಂಬತ್ತಮೂರರಲ್ಲಿ ನನ್ನ ಯಾಕೆ ಬೇಡ ಅಂದ್ರು, ಅದನ್ನ ನೋಡ್ಬೇಕು. ಜಗಳ ಏನಿಲ್ಲ. ಗೊತ್ತಾದ್ರೆ ಸಾಕು.”

ಪುಸ್ತಕಗಳು ಅವಳ ಕಾರಿನಲ್ಲೇ ಇದ್ದವು. ಭಾಷಣಕ್ಕೆ ಬೇಕು ಎಂದು ಕೆವ್ ತರಿಸಿದ್ದ. “ಮಣ್ಣು ಮುಗೀಲಿ,” ಎಂದಳು. “ಟೀ ಹೊತ್ತಿಗೆ ತೋರಿಸ್ತೀನಿ.”

*

೧೯೮೩ರ ಚಳಿಗಾಲದಲ್ಲಿ ನಗರದ ಕ್ಲಬ್ಬು ಈ ಸೀಮೆಯಿಂದ ಒಬ್ಬನನ್ನೇ ತೆಗೆದುಕೊಳ್ಳುತ್ತೇನೆ ಎಂದಿತ್ತು. ಲೆನ್‌ನ ಕಣ್ಣಲ್ಲಿ ಇಬ್ಬರಿದ್ದರು. ಒಬ್ಬ ಔಷಧಿ ಅಂಗಡಿಯವರ ಮಗ ಗ್ರ್ಯಾಂಟ್ ಪೆಥೆರಿಕ್, ಒಳ್ಳೆಯ ಆಟಗಾರ. ಇನ್ನೊಬ್ಬ ಡಾರಿಲ್. ಅವನ ವಿಷಯದಲ್ಲಿ ಒಳ್ಳೆಯ ಎಂಬ ಮಾತು ಸಾಲದು. ಚೆಂಡನ್ನು ಕೈಯಲ್ಲೂ ಹಿಡಿಯುವ ಈ ಸೀಮೆಯ ಫುಟ್‌ಬಾಲಿನಲ್ಲಿ ಅವನು ಚೆಂಡಿಗಾಗಿ ಮೇಲೆ ಹಾರಿದಾಗ ಎದುರಾಳಿ ಊರಿನ ಹೆಂಗಸರೂ ಹೆಣಿಗೆ ನಿಲ್ಲಿಸಿ ನೋಡುತ್ತಿದ್ದರು.

ಬರೀ ಆಟ ನೋಡಿ ಆರಿಸುವುದನ್ನು ಲೆನ್ ನಾಲ್ಕು ವರ್ಷದ ಹಿಂದೆಯೇ ಬಿಟ್ಟಿದ್ದ. ಅವನು ಕಳಿಸಿದ್ದ ಒಬ್ಬ ಚಿನ್ನದಂಥ ಆಟಗಾರ ಕುಡಿದು ಕಾರು ಓಡಿಸಿ ಒಬ್ಬ ಹೆಣ್ಣುಮಗಳನ್ನು ಕೊಂದಿದ್ದ. ಕ್ಲಬ್ಬಿನವರು ಲೆನ್‌ಗೆ ಒಂದು ಮಾತೂ ಅನ್ನಲಿಲ್ಲ. ಅವನೇ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಆಮೇಲೆ ಒಂದು ಪದ್ಧತಿ ಮಾಡಿಕೊಂಡ. ಹುಡುಗನ ಮನೆಗೆ ಸಂಜೆ ಆರರ ಊಟದ ಹೊತ್ತಿಗೆ ಹೋಗುವುದು, ಕೊಟ್ಟದ್ದನ್ನು ಉಣ್ಣುವುದು, ಊಟ ಮುಗಿದ ಮೇಲೆ ಹುಡುಗ ತಾನು ಉಂಡ ತಟ್ಟೆಯನ್ನು ತಾನೇ ಎತ್ತಿ ಸಿಂಕಿಗೆ ಒಯ್ಯುತ್ತಾನೆಯೇ ಎಂದು ನೋಡುವುದು. ಎತ್ತಿದವನಿಗೆ ಗುಣವಿದೆ, ಎತ್ತದವನಿಗೆ ಇಲ್ಲ. ಕಾಲಿನ ತಪ್ಪನ್ನು ಕೋಚ್ ತಿದ್ದಬಹುದು, ಬುದ್ಧಿಯ ತಪ್ಪನ್ನು ತಿದ್ದಲಾಗದು ಎಂಬುದು ಅವನ ಲೆಕ್ಕ. ಈ ಪರೀಕ್ಷೆಯನ್ನು ಅವನು ಯಾರಿಗೂ, ಹೆಂಡತಿಗೂ, ಹೇಳಿರಲಿಲ್ಲ.

ಪೆಥೆರಿಕ್ ಮನೆಯಲ್ಲಿ ಗ್ರ್ಯಾಂಟ್ ತನ್ನ ತಟ್ಟೆ ಎತ್ತಿದ, ತಾಯಿಯದನ್ನೂ ಎತ್ತಿದ, ಲೆನ್‌ನದನ್ನೂ ಕೇಳಿ ಎತ್ತಿದ. 

ಮರುವಾರ ಲೆನ್ ಗೂಡ್ಸು ಗಾಡಿ ನಿಲ್ಲುವ ರೈಲ್ವೆ ಸೈಡಿಂಗಿನ ಪಕ್ಕದ ಕ್ರೋಜಿಯರ್ ಮನೆಗೆ ಹೋದ. ಅವರು ಊರಿಗೆ ಬಂದು ಎರಡು ವರ್ಷವಾಗಿತ್ತು, ಆ ಮನೆಗೆ ಯಾರೂ ಹೋಗಿಬರುವವರಿರಲಿಲ್ಲ. ಕುರಿಮಾಂಸದ ತುಂಡು, ಹಿಸುಕಿದ ಆಲೂಗಡ್ಡೆ, ಬಟಾಣಿ. ತಂದೆ ಮೇಜಿನ ತುದಿಯಲ್ಲಿ ಕುಳಿತು ಒಂದು ಮಾತೂ ಆಡದೆ ಉಂಡ. ತಾಯಿ ಒಲೆಯ ಹತ್ತಿರವೇ ನಿಂತಿದ್ದಳು. ಊಟವಾಯಿತು. ಡಾರಿಲ್‌ನ ಕೈ ತಟ್ಟೆಯ ಅಂಚಿಗೆ ಹೋಯಿತು, ಅಲ್ಲೇ ತಡೆಯಿತು, ಮತ್ತೆ ತೊಡೆಯ ಮೇಲೆ ಹೋಗಿ ಕೂತಿತು. ಹನ್ನೊಂದು ವರ್ಷದ ತಂಗಿ ಎದ್ದು ಅಣ್ಣನ ತಟ್ಟೆಯನ್ನು ತನ್ನದರ ಮೇಲೆ ಇಟ್ಟುಕೊಂಡು ಒಳಗೆ ಹೋದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಲೆನ್ ತಟ್ಟೆಯನ್ನೇ ನೋಡುತ್ತಿದ್ದ. ಹುಡುಗ ಆಗ ಯಾರ ಮುಖ ನೋಡಿದ ಎಂಬುದನ್ನು ಗಮನಿಸಲಿಲ್ಲ. ಬಸ್ಸು ಓಡಿಸುವಾಗ ಎರಡೂ ಕನ್ನಡಿ ನೋಡುತ್ತಿದ್ದ ಮನುಷ್ಯ ಅವತ್ತು ಒಂದನ್ನೇ ನೋಡಿದ.

*

ಮಣ್ಣು ಮುಗಿಸಿ ಎಲ್ಲರೂ ಕ್ಲಬ್ಬಿನ ಹಾಲ್‌ಗೆ ಬಂದಾಗ ಮೂರು ಗಂಟೆ. ಹೆಂಗಸರು ಮನೆಯಿಂದ ತಂದ ಸ್ಯಾಂಡ್‌ವಿಚ್ಚು, ಕೇಕು ಉದ್ದ ಮೇಜಿನ ಮೇಲಿದ್ದವು. ಗಂಡಸರು ಬಿಯರ್ ಹಿಡಿದರು. ಎರಡು ಬಿಯರಾದ ಮೇಲೆ ಕೆವ್ ಎದ್ದು ನಿಂತ.

“ಲೆನ್ ಸತ್ತಿದಾನೆ, ಇನ್ನು ಹೇಳ್ಬಹುದು,” ಎಂದ. “ಆ ತಟ್ಟೆ ವಿಷಯ.”

ಹಾಲ್ ತುಂಬ ಗೊಳ್ಳೆಂದು ನಗು. ಗ್ಲೆನಿಸ್ ತಲೆಯೆತ್ತಿದಳು.

“ಪಾಪ, ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದ ಕಣ್ರೋ. ಲೆನ್ ಊಟಕ್ಕೆ ಬರ್ತಾನೆ ಅಂದ್ರೆ ನಾನು ಮೊದಲೇ ಹೋಗಿ ಹುಡುಗರಿಗೆ ಹೇಳ್ತಿದ್ದೆ, ಲೋ, ಗೋಲು ಹೊಡೀದಿದ್ರೂ ಪರವಾಗಿಲ್ಲ, ತಟ್ಟೆ ಮಾತ್ರ ಎತ್ರೋ ಅಂತ.”

“ನಮ್ಮಮ್ಮ ಒಂದು ವಾರ ಅಭ್ಯಾಸ ಮಾಡ್ಸಿದ್ಲು,” ಎಂದ ಒಬ್ಬ.

“ನಾನು ಅವಸರದಲ್ಲಿ ಅವನು ಉಣ್ತಾ ಇರೋವಾಗ್ಲೇ ಅವನ ತಟ್ಟೆ ಎತ್ಕೊಂಡು ಹೋಗ್ಬಿಟ್ಟೆ,” ಎಂದ ಇನ್ನೊಬ್ಬ. ಮತ್ತೆ ನಗು.

ಎಲ್ಲರಿಗೂ ಗೊತ್ತಿತ್ತು. ಊರಿಗೆ ಊರೇ ಬಲ್ಲ ಗುಟ್ಟು, ಅದು ಬಯಲಾಗಿರುವುದು ಬಚ್ಚಿಟ್ಟುಕೊಂಡಿದ್ದವನಿಗೆ ಮಾತ್ರ ಗೊತ್ತಿರಲಿಲ್ಲ. ಗ್ಲೆನಿಸ್‌ಗೆ ಅಪ್ಪನ ಮೇಲೆ ಅಯ್ಯೋ ಅನ್ನಿಸಿತು. ಮರುಗಳಿಗೆ ಗ್ರ್ಯಾಂಟ್ ಪೆಥೆರಿಕ್‌ನ ನೆನಪಾಯಿತು. ಮೂರು ತಟ್ಟೆ ಎತ್ತಿದ ಗ್ರ್ಯಾಂಟ್ ನಗರದಲ್ಲಿ ಎಂಟು ವರ್ಷ ಆಡಿದ. ಹೆಂಡತಿಯನ್ನು ಮೆಟ್ಟಿಲ ಮೇಲಿಂದ ನೂಕಿ ಜೈಲಿಗೆ ಹೋದ. ಅವಳು ಈಗಲೂ ಗಾಲಿಕುರ್ಚಿಯಲ್ಲಿದ್ದಾಳೆ. ಅವನ ಹೆಸರನ್ನು ಹಾಲ್‌ನಲ್ಲಿ ಯಾರೂ ಎತ್ತಲಿಲ್ಲ.

ಅವಳು ಡಾರಿಲ್‌ಗಾಗಿ ಸುತ್ತ ನೋಡಿದಳು. ಅವನು ಬಾಗಿಲ ಹತ್ತಿರ ಟೀ ಕಪ್ಪು ಹಿಡಿದು ನಿಂತಿದ್ದ, ನಗುತ್ತಿರಲಿಲ್ಲ. ಕಪ್ಪನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದ. ಅವಳು ಹಿಂದೆಯೇ ಹೋಗಿ, ಕಾರಿನ ಡಿಕ್ಕಿ ತೆಗೆದು, ಎಂಬತ್ತಮೂರರ ಪುಸ್ತಕ ಹುಡುಕಿ ಅವನ ಕೈಗೆ ಕೊಟ್ಟಳು.

“ನೀನೇ ಓದು,” ಎಂದ. “ಕನ್ನಡಕ ತಂದಿಲ್ಲ.”

ಅವಳು ಓದಿದಳು. “‘ಡಿ. ಕ್ರೋಜಿಯರ್, ಹದಿನೇಳು. ಕೈ, ಈ ಸೀಮೆಯಲ್ಲಿ ಇಂಥದು ಕಂಡಿಲ್ಲ. ಬಲಗಾಲು ಐವತ್ತು ಮೀಟರು, ಎಡಗಾಲು ಐವತ್ತೈದು. ಎದೆಗಾರಿಕೆ ಇದೆ.’” ಅಲ್ಲಿಗೆ ನಿಲ್ಲಿಸಿದಳು.

“ಮುಂದೆ?”

“‘ತಟ್ಟೆಯನ್ನು ಪುಟ್ಟ ತಂಗಿಯ ಕೈಲಿ ಎತ್ತಿಸಿದ. ಬೇಡ.’”

ಮಳೆ ಹನಿಯತೊಡಗಿತ್ತು. ಡಾರಿಲ್ ಮೈದಾನದ ಕಡೆ ತಿರುಗಿದ.

“ನಮ್ಮನೇಲಿ ಗಂಡಸರು ತಟ್ಟೆ ಮುಟ್ಟೋ ಹಾಗಿರ್ಲಿಲ್ಲ,” ಎಂದ. “ನಿಮ್ಮಪ್ಪ ಬರೋ ಹಿಂದಿನ ವಾರ ಅಮ್ಮನಿಗೆ ಜ್ವರ ಅಂತ ಪಾತ್ರೆ ತೊಳ್ದಿದ್ದೆ. ಮಗನ್ನ ಹೆಂಗಸು ಮಾಡ್ತಿದೀಯಾ ಅಂತ ಅಪ್ಪ ಅವಳನ್ನ ಹೊಡ್ದ. ನನ್ನನ್ನಲ್ಲ, ಅವಳನ್ನ. ಅವಳ ಬೆರಳು ಮುರೀತು. ಅವತ್ತು ನಾನು ತಟ್ಟೆ ಎತ್ತಿದ್ರೆ, ನಿಮ್ಮಪ್ಪನ ಕಾರು ರಸ್ತೆ ಸೇರೋದ್ರೊಳಗೆ ಅವಳಿಗೆ ಬೀಳ್ತಿತ್ತು.”

ಗ್ಲೆನಿಸ್ ಪುಸ್ತಕ ಮುಚ್ಚಿದಳು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. “ಅಪ್ಪನ ಪರವಾಗಿ ನಾನು—”

“ಬೇಡ, ಬಿಡು. ಅವರು ನೋಡಿದ್ದನ್ನ ಬರೆದ್ರು.” ಅವನು ಅವಳ ತೋಳು ಹಿಡಿದ. “ನನ್ನ ತಂಗಿ ರೋಂಡಾಗೆ ಮಾತ್ರ ಇದು ಗೊತ್ತಾಗ್ಬಾರ್ದು. ತಟ್ಟೆ ಎತ್ತಿದ್ದು ಅವಳು. ಅಮ್ಮನಿಗೆ ಏಟು ಬೀಳ್ದೆ ಇರ್ಲಿ ಅಂತ ಎತ್ತಿದ್ಲು. ನನ್ನ ಬಾಳು ಹೀಗಾಗಿದ್ದು ಅದರಿಂದ ಅಂತ ಗೊತ್ತಾದ್ರೆ ಅವಳು ಉಳಿಯಲ್ಲ ಗ್ಲೆನಿಸ್. ಈಗ ನನ್ನ ಕರ್ಕೊಂಡು ಹೋಗೋಕೆ ಬರ್ತಾಳೆ.”

ಒಳಗಿಂದ ಕೆವ್‌ನ ಗಂಟಲು, ಅದರ ಹಿಂದೆ ನಗು ಕೇಳಿಸಿತು. ಇಬ್ಬರೂ ತಿರುಗಿ ನೋಡಿದರು. ಒಂದು ಹಳೆಯ ಬಿಳಿ ಕಾರು ಆಗಲೇ ಹಾಲ್‌ನ ಇನ್ನೊಂದು ಬಾಗಿಲ ಮುಂದೆ ನಿಂತಿತ್ತು, ಅದರಲ್ಲಿ ಯಾರೂ ಇರಲಿಲ್ಲ.

*

ರೋಂಡಾ ವೃದ್ಧಾಶ್ರಮದ ಅಡುಗೆಮನೆಯಿಂದ ನೇರ ಬಂದಿದ್ದಳು. ಕೋಟಿನ ಕೆಳಗೆ ಏಪ್ರನ್ ಕಾಣುತ್ತಿತ್ತು. ಬರಿಗೈಯಲ್ಲಿ ಬರಬಾರದೆಂದು ಒಂದು ಟ್ರೇ ಮೊಟ್ಟೆ ಸ್ಯಾಂಡ್‌ವಿಚ್ಚು ತಂದಿದ್ದಳು, ತನ್ನ ಅಣ್ಣನನ್ನು ಬೇಡವೆಂದವನ ಸಾವಿಗೆ. ಗ್ಲೆನಿಸ್ ಒಳಗೆ ಓಡಿ ಬರುವಷ್ಟರಲ್ಲಿ ಅವಳು ಟ್ರೇ ಮೇಜಿಗಿಡುತ್ತ, “ಏನು, ಮಣ್ಣಿಗಿಟ್ಟು ಬಂದ ದಿನಾನೇ ಇಷ್ಟೊಂದು ನಗು?” ಎಂದು ಕೇಳುತ್ತಿದ್ದಳು.

“ನಿಂಗೊತ್ತಿಲ್ವಾ ರೋಂಡಾ?” ಕೆವ್ ಕಣ್ಣೊರೆಸಿಕೊಂಡ. “ನಮ್ಮ ಲೆನ್ ಹುಡುಗರನ್ನ ಹೆಂಗೆ ಆರಿಸ್ತಿದ್ದ ಅಂತ? ಊಟ ಆದ್ಮೇಲೆ—”

“ಅಪ್ಪನಿಗೆ ಆರಿಸೋಕೇ ಬರ್ತಿರ್ಲಿಲ್ಲ ಕೆವ್ ಅಂಕಲ್,” ಎಂದಳು ಗ್ಲೆನಿಸ್, ಹಾಲ್‌ಗೆಲ್ಲ ಕೇಳುವ ಹಾಗೆ.

ನಗು ನಿಂತಿತು. ಅವಳು ಉಸಿರು ತೆಗೆದುಕೊಂಡಳು. ಅಪ್ಪ ಬದುಕಿನಲ್ಲಿ ಹೆಮ್ಮೆಪಟ್ಟಿದ್ದು ಒಂದೇ ವಿಷಯಕ್ಕೆ, ತನ್ನ ಕಣ್ಣಿಗೆ. ಇನ್ನೂ ಎರಡು ಗಂಟೆಯಾಗಿರಲಿಲ್ಲ ಅವನನ್ನು ಮಣ್ಣಿಗಿಟ್ಟು.

“ರೋಂಡಾ, ಈಗ ತಾನೇ ಪುಸ್ತಕ ನೋಡಿದ್ವಿ. ಡಾರಿಲ್‌ನ ಎಡಗಾಲಲ್ಲಿ ಚೆಂಡು ದೂರ ಹೋಗಲ್ಲ, ಮೂವತ್ತೇ ಮೀಟರು ಅಂತ ಬರೆದಿದಾರೆ. ಅಷ್ಟಕ್ಕೇ ಬೇಡ ಅಂದಿದ್ದು. ಅವರಿಗೆ ದೂರದ ಅಂದಾಜೇ ಸಿಕ್ತಿರ್ಲಿಲ್ಲ. ಕೆವ್ ಅಂಕಲ್ ಅದನ್ನೇ ಹೇಳ್ತಿದ್ರು. ಅದಕ್ಕೇ ನಗು.”

ಕೆವ್‌ನ ಬಾಯಿ ತೆರೆದೇ ಇತ್ತು. ಡಾರಿಲ್‌ನ ಎಡಗಾಲಿನ ಒದೆತ ಆ ಹಾಲ್‌ನಲ್ಲಿ ಐವತ್ತು ದಾಟಿದ ಪ್ರತಿಯೊಬ್ಬನಿಗೂ ನೆನಪಿತ್ತು. ಕೆವ್ ಗ್ಲೆನಿಸ್‌ಳನ್ನು ನೋಡಿದ. ಅವಳ ಹಿಂದೆ ಬಾಗಿಲಲ್ಲಿ ನೆಂದು ನಿಂತಿದ್ದ ಡಾರಿಲ್‌ನನ್ನು ನೋಡಿದ. ಸೈಡಿಂಗಿನ ಆ ಮನೆಗೆ ಮಾತ್ರ ತಾನು ಹೋಗಿ ಹೇಳಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಬಿಯರನ್ನು ಮೇಜಿನ ಮೇಲಿಟ್ಟ.

“ಹೌದಮ್ಮ,” ಎಂದ ಮೆಲ್ಲಗೆ. “ಲೆನ್‌ಗೆ ದೂರದ್ದು ಕಾಣ್ತಿರ್ಲಿಲ್ಲ.”

ರೋಂಡಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಅಷ್ಟೇನಾ? ಬರೀ ಕಾಲಾ? ನಮ್ಮನೆ ನೋಡಿ ಅಲ್ವಾ?” ಅವಳು ಬಾಗಿಲಲ್ಲಿದ್ದ ಅಣ್ಣನತ್ತ ತಿರುಗಿದಳು. “ಅವತ್ತು ನಾನು ಬಟಾಣಿ ಸೀಯಿಸಿದ್ದೆ. ಅಮ್ಮ ನೋಡ್ಕೋ ಅಂದಿದ್ಲು, ನಾನು ಮರ್ತೆ. ಅದಕ್ಕೇ ಇರ್ಬೇಕು, ನನ್ನಿಂದಾನೇ ಇರ್ಬೇಕು ಅಂತ...” ಮಾತು ಅಳುವಾಯಿತು, ಅಳುತ್ತಲೇ ನಗುವಾಯಿತು. “ಬಾರೋ ಇಲ್ಲಿ. ಯಾವ ಕಾಲೋ ಅದು?”

ಡಾರಿಲ್ ಹಾಲ್‌ನ ನಡುವೆ ಬಂದು ನಿಂತ. ಅಷ್ಟು ಜನರ ಮುಂದೆ, ಕೆಸರು ಮೆತ್ತಿದ ಎಡಗಾಲನ್ನು ಒಂದು ಗೇಣು ಮುಂದೆ ಚಾಚಿದ. ರೋಂಡಾ ಬಗ್ಗಿ ಆ ಬೂಟಿಗೆ ಅಂಗೈಯಲ್ಲಿ ಒಂದು ಏಟು ಕೊಟ್ಟಳು.

“ಹಾಳಾದ್ ಕಾಲು,” ಎಂದಳು. ಇನ್ನೊಂದು ಕೊಟ್ಟಳು. ಅವಳಿಗೆ ಸಾಕೆನ್ನಿಸುವ ತನಕ ಅವನು ಕಾಲನ್ನು ಹಾಗೆಯೇ ಮುಂದಿಟ್ಟುಕೊಂಡು ನಿಂತಿದ್ದ.