ಸಾಕು ನಿಲ್ಸೇ, ಇಸ್ತ್ರಿ ಸುಡ್ತಾ ಇದೆ

ನಾನು ಹಾಡುಗಾರ್ತಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಚೆಗೆ ದಾರಿಯಲ್ಲಿ ಸಿಕ್ಕವರೆಲ್ಲ ಮೂತಿಯ ಮುಂದೆ ಫೋನು ಹಿಡಿದು, ‘ಒಂದ್ಸಲ ಅನ್ನಿ ಮೇಡಂ, ಒಂದೇ ಸಲ’ ಎಂದು ಹಲ್ಲು ಕಿರಿಯುತ್ತಾರೆ. ನಾನು ಬಟ್ಟೆ ಹೊಲಿಯುವವಳು. ಹೊಲಿಯುವುದಕ್ಕಿಂತ ಹೆಚ್ಚಾಗಿ ಬೇರೆಯವರು ಹೊಲಿದದ್ದನ್ನು ಸರಿಮಾಡುವವಳು. ಉದ್ದವಾದದ್ದನ್ನು ಗಿಡ್ಡ ಮಾಡುತ್ತೇನೆ, ಬಿಗಿಯಾದದ್ದನ್ನು ಸಡಿಲಿಸುತ್ತೇನೆ, ಸತ್ತ ಜಿಪ್ಪಿಗೆ ಜೀವ ಕೊಡುತ್ತೇನೆ. ಹಾಡುಗಾರ್ತಿ ನನ್ನ ಮಗಳು. ಆದರೆ ಲೋಕಕ್ಕೆಲ್ಲ ಪರಿಚಯವಾದ ಗಂಟಲು ನನ್ನದು. ಇದಕ್ಕೆ ಸಂಗೀತ ಪ್ರಪಂಚ ಎನ್ನುತ್ತಾರಂತೆ.

ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಗಿರಾಕಿಗಳ ಪ್ಯಾಂಟು, ಕೋಟು, ಗೌನುಗಳು ಗೋಡೆಯೇ ಕಾಣದ ಹಾಗೆ ನೇತಾಡುತ್ತವೆ. ಮಗಳ ಸ್ಟುಡಿಯೋ ಅದೇ. ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದಂತೆ, ದನಿ ಶುದ್ಧವಾಗಿ ಬರುತ್ತದಂತೆ. ಒಂದು ಹ್ಯಾಂಗರಿಗೆ ಮೈಕು ಸಿಕ್ಕಿಸಿ, ಯಾರದೋ ದೊಗಲೆ ಓವರ್‌ಕೋಟಿನ ಎದುರು ನಿಂತು ಕಣ್ಣು ಮುಚ್ಚಿ ಹಾಡುತ್ತಾಳೆ. ಆ ಓವರ್‌ಕೋಟಿನಷ್ಟು ಸಹನೆಯ ಶ್ರೋತೃ ಅವಳಿಗೆ ಇನ್ನೂ ಸಿಕ್ಕಿಲ್ಲ.

ಅಂಗಡಿಯಲ್ಲಿ ಅವಳ ಪಾಲಿನ ಕೆಲಸ ಇಸ್ತ್ರಿ. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಕುತ್ತಾಳೆ, ಅಷ್ಟರಲ್ಲಿ ಯಾವುದೋ ರಾಗ ತಲೆಗೆ ಹೊಗುತ್ತದೆ, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಕೋಣೆಗೆ ಓಡುತ್ತಾಳೆ. ಸುಟ್ಟ ವಾಸನೆ ಬಂದಾಗ ನಾನು ಬಾಗಿಲು ತಳ್ಳಿ, ‘ಸಾಕು ನಿಲ್ಸೇ, ಇಸ್ತ್ರಿ ಸುಡ್ತಾ ಇದೆ!’ ಎಂದು ಕೂಗುತ್ತೇನೆ. ಇದು ನಮ್ಮ ಮನೆಯಲ್ಲಿ ಗಡಿಯಾರ ಹೊಡೆದಷ್ಟೇ ಮಾಮೂಲಿ.

ಹೀಗಿರುವಾಗ ಅವಳು ಒಂದು ಹಾಡು ಕಟ್ಟಿದಳು. ಹತ್ತಾರು ಕಟ್ಟಿ ಕಸದ ಬುಟ್ಟಿಗೆ ಹಾಕಿದ ಮೇಲೆ ಉಳಿದ ಒಂದು. ಅದನ್ನು ಪೂರ್ತಿಯಾಗಿ ನಾಲ್ಕು ಜನ ಕೇಳಬೇಕು, ಅಷ್ಟೇ ಅವಳ ಆಸೆ. ಇದೇನು ಮಹಾ ಎಂದುಕೊಂಡಿದ್ದೆ ನಾನು. ಈ ಕಾಲದಲ್ಲಿ ‘ಪೂರ್ತಿಯಾಗಿ’ ಎನ್ನುವುದೇ ಅತ್ಯಾಸೆ ಎಂದು ನನಗೇನು ಗೊತ್ತು?

ಮ್ಯೂಸಿಕ್ ಕಂಪನಿಯ ಆಫೀಸಿಗೆ ಜೊತೆಗೆ ನಾನೂ ಹೋದೆ. ಗೋಡೆಯ ತುಂಬ ಗಿಟಾರುಗಳನ್ನು ಮೊಳೆ ಹೊಡೆದು ಕೂರಿಸಿದ್ದರು, ಒಂದಕ್ಕೂ ತಂತಿಯಿರಲಿಲ್ಲ. ಅಲ್ಲಿದ್ದ ಮ್ಯಾನೇಜರ್ ಮಾತಿಗೊಮ್ಮೆ ‘ಟ್ರೆಂಡ್’ ಎನ್ನುತ್ತಿದ್ದುದರಿಂದ ಅವನಿಗೆ ನಾನು ಮನಸ್ಸಿನಲ್ಲೇ ಟ್ರೆಂಡಣ್ಣ ಎಂದು ಹೆಸರಿಟ್ಟೆ. ಅವನು ಹಾಡು ಹಾಕಿದ. ಟಕಟಕ ಎನ್ನುವ ತಾಳ ಶುರುವಾಯಿತು, ಮೇಲೆ ಮಗಳ ಗುನುಗು. ಇನ್ನೇನು ಮಾತು ಬರಬೇಕು, ಆಗಲೇ ನಿಲ್ಲಿಸಿಬಿಟ್ಟ.

‘ಏನಿದು ಟಕಟಕ ಗಲಾಟೆ? ಹಾಡು ಎಲ್ಲಿ ಶುರುವಾಗತ್ತೆ?’

‘ಶುರುವಾಗಿದೆ ಸರ್. ಸ್ವಲ್ಪ ಮುಂದೆ ಕೇಳಿ,’ ಎಂದಳು ಮಗಳು.

‘ಮುಂದೆ ಯಾರು ಕೇಳ್ತಾರೆ ಸಿಸ್ಟರ್? ಈಗಿನ ಜನಕ್ಕೆ ಅಷ್ಟು ತಾಳ್ಮೆ ಇಲ್ಲ. ಮೊದಲ ಹದಿನೈದು ಸೆಕೆಂಡಲ್ಲಿ ಹಿಡಿದು ಹಾಕ್ಬೇಕು, ಆಮೇಲೆ ನೀವು ಏನು ಹಾಡಿದ್ರೂ ಒಂದೇ. ಅದಿರ್ಲಿ, ಫಾಲೋವರ್ಸ್ ಎಷ್ಟಿದಾರೆ?’

ಮಗಳು ಹೇಳಿದಳು. ಅವನು ಕಾಯಿಲೆಯ ಸುದ್ದಿ ಕೇಳಿದವನ ಹಾಗೆ ಲೊಚಗುಟ್ಟಿದ.

‘ಅಲ್ಲಪ್ಪಾ,’ ಎಂದೆ ನಾನು, ‘ಹಾಡು ಕೇಳ್ಸಿದ್ರೆ ತಾನೇ ಜನ ಬರೋದು? ಜನ ಬಂದ ಮೇಲೆ ಹಾಡು ಕೇಳ್ಸಿ ಅಂದ್ರೆ ಹೇಗೆ?’

‘ಆಂಟಿ, ಅದು ನಿಮಗೆ ಅರ್ಥ ಆಗಲ್ಲ. ಮೊದ್ಲು ಕಂಟೆಂಟ್ ಹಾಕ್ಲಿ. ನಗೋದು, ಅಳೋದು, ತಿನ್ನೋದು, ಏನಾದ್ರೂ. ಜನಕ್ಕೆ ಅವರು ಇಷ್ಟ ಆಗ್ಬೇಕು. ಹಾಡು ಕೊನೆಗೆ ನೋಡ್ಕೊಳ್ಳೋಣ.’

ಹಾಡುವವಳಿಗೆ ಹಾಡೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡು ಎಂದ ಮಹಾನುಭಾವ. ಅವಳು ಮಾಡಿದಳು ಕೂಡ. ಬೆಳಗ್ಗೆ ಎದ್ದದ್ದನ್ನು ಹಾಕಿದಳು, ಹಲ್ಲುಜ್ಜಿದ್ದನ್ನು ಹಾಕಿದಳು, ನಮ್ಮ ಬೆಕ್ಕನ್ನು ಹಾಕಿದಳು. ಬೆಕ್ಕಿಗೆ ಅವಳಿಗಿಂತ ಜಾಸ್ತಿ ಅಭಿಮಾನಿಗಳಾದರು. ಅದು ಮಾತ್ರ ತನ್ನ ಹಾಡನ್ನು ಗಿಡ್ಡ ಮಾಡಿಕೊಳ್ಳಲಿಲ್ಲ, ಹಸಿವಾದಾಗಲೆಲ್ಲ ಪೂರ್ತಿಯಾಗಿಯೇ ಹಾಡಿತು.

ಕೊನೆಗೊಂದು ದಿನ ಬೇಸತ್ತು, ಕೋಣೆಯಲ್ಲಿ ಹಾಡುತ್ತಿದ್ದುದನ್ನೇ ಸ್ವಲ್ಪ ತೆಗೆದು ಹಾಕಿದಳು. ಆತುರದಲ್ಲಿ ಕತ್ತರಿಸುವ ಜಾಗ ತಪ್ಪಿತು. ಅವಳ ದನಿ ಮೆಲ್ಲಗೆ ಮೇಲೇರುತ್ತಿದೆ, ಕಣ್ಣು ಮುಚ್ಚಿದೆ, ಹಿಂದಿನ ಕೋಟುಗಳು ಅಲುಗುತ್ತವೆ, ಅವುಗಳ ನಡುವಿನಿಂದ ನನ್ನ ತಲೆ ತೂರಿಬರುತ್ತದೆ: ‘ಸಾಕು ನಿಲ್ಸೇ, ಇಸ್ತ್ರಿ ಸುಡ್ತಾ ಇದೆ!’

ಅಷ್ಟೇ. ಲೋಕಕ್ಕೆ ಹುಚ್ಚು ಹಿಡಿಯಿತು. ಭಾಷಣ ಮಾಡುವ ಪುಢಾರಿಯ ಮೇಲೆ ನನ್ನ ಕೂಗನ್ನು ಅಂಟಿಸಿದರು. ಪಾಠ ಮಾಡುವ ಮೇಷ್ಟರ ಮೇಲೆ ಅಂಟಿಸಿದರು. ನಾನು ಕಾಲೇ ಇಡದ ಊರುಗಳಲ್ಲಿ ಮಕ್ಕಳು ಸೊಂಟದ ಮೇಲೆ ಕೈಯಿಟ್ಟು ‘ಸಾಕು ನಿಲ್ಸೇ’ ಎಂದು ಕುಣಿದರು. ನಮ್ಮ ಯಜಮಾನರು ಫೋನು ನೋಡಿ ತಲೆ ಚಚ್ಚಿಕೊಂಡರು. ‘ಇಷ್ಟು ವರ್ಷ ಇದನ್ನ ನಾನೊಬ್ನೇ ಬಿಟ್ಟಿ ಕೇಳ್ತಿದ್ನಲ್ಲೇ!’

ಟ್ರೆಂಡಣ್ಣ ಅಂಗಡಿಗೇ ಬಂದ. ಆಂಟಿಯಾಗಿದ್ದ ನಾನು ಮೇಡಂ ಆಗಿದ್ದೆ.

‘ಮೇಡಂ, ನಿಮ್ಮ ದನೀಲಿ ಒಂದು ಸತ್ಯ ಇದೆ.’

‘ಇಸ್ತ್ರಿ ಸುಡ್ತಾ ಇದ್ದಿದ್ದು ಸತ್ಯಾನೇ,’ ಎಂದೆ.

ಸ್ಟುಡಿಯೋಗೆ ಬಂದು ಕೂಗಿ ಕೊಡಬೇಕಂತೆ, ಅದಕ್ಕೆ ಡ್ರಮ್ಮು ಸೇರಿಸಿ ಬಿಡುತ್ತಾರಂತೆ. ಮಗಳು ಇಸ್ತ್ರಿ ಮೇಜಿನ ಹಿಂದೆ ನಿಂತು ಕೇಳುತ್ತಿದ್ದಳು, ಮುಖ ಸಣ್ಣದಾಗಿತ್ತು. ವರ್ಷಗಟ್ಟಲೆ ಹಾಡಿದವಳನ್ನು ಯಾರೂ ಕರೆಯಲಿಲ್ಲ, ಅವಳ ಬಾಯಿ ಮುಚ್ಚಿಸಿದವಳನ್ನು ಕರೆಯಲು ಮನೆಗೇ ಬಂದಿದ್ದಾರೆ.

‘ಒಂದು ಮಾತು,’ ಎಂದೆ. ‘ನಾನು ಕೂಗ್ತೀನಿ. ಅದರ ಜೊತೆಗೆ ನನ್ನ ಮಗಳ ಹಾಡನ್ನ ಪೂರ್ತಿ ಬಿಡ್ಬೇಕು. ಟಕಟಕನೂ ಸೇರಿ.’

‘ಆಯ್ತು ಮೇಡಂ, ಖಂಡಿತ!’ ಎಂದ. ಹೋಗುವಾಗ ತೊಟ್ಟಿದ್ದ ಕೋಟು ಬಿಚ್ಚಿ ಮೇಜಿನ ಮೇಲಿಟ್ಟ. ‘ಹೇಗೂ ಬಂದಿದೀನಿ. ತೋಳು ಸ್ವಲ್ಪ ಉದ್ದ. ಒಂಚೂರು ಗಿಡ್ಡ ಮಾಡಿಕೊಡ್ತೀರಾ?’ ಏನನ್ನು ಕಂಡರೂ ಗಿಡ್ಡ ಮಾಡಬೇಕು ಅವನಿಗೆ.

ಸ್ಟುಡಿಯೋದಲ್ಲಿ ನನ್ನ ಗಂಟಲು ಕೈಕೊಟ್ಟಿತು. ಗಾಜಿನ ಆಚೆ ಹೆಡ್‌ಫೋನು ಹಾಕಿದ ಹುಡುಗ, ಈಚೆ ನಾನು, ಮುಂದೆ ಸೌಟಿನಂಥ ಮೈಕು. ‘ಸಾಕು’ ಎಂದೆ. ನೆಂಟರ ಮನೆಯಲ್ಲಿ ಬಡಿಸುವವರಿಗೆ ನಾಚಿಕೊಂಡು ಹೇಳುವ ‘ಸಾಕು’ ಬಂತು. ಮತ್ತೆ ಎಂದೆ. ಸಕ್ಕರೆ ತೂಗುವ ಅಂಗಡಿಯವನಿಗೆ ಹೇಳುವ ‘ಸಾಕು’ ಬಂತು.

‘ಸಿಟ್ಟು ಬರ್ಲಿ ಮೇಡಂ! ಮನೇಲಿದೀನಿ ಅನ್ಕೊಳಿ!’ ಎಂದ ಎದುರಿಗೆ ನಿಂತಿದ್ದ ಟ್ರೆಂಡಣ್ಣ.

ಬರಲಿ ಎಂದರೆ ಬರುವುದಕ್ಕೆ ಸಿಟ್ಟೇನು ಆಟೋನೇ? ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಮಗಳನ್ನು ನನ್ನ ಪಕ್ಕ ನಿಲ್ಲಿಸಿ, ‘ಸಿಸ್ಟರ್, ನೀವು ಹಾಡಿ. ಅಮ್ಮಂಗೆ ಮೂಡ್ ಬರ್ಲಿ’ ಎಂದ. ಪಾಪ, ಅವಳ ಮುಖ ಅರಳಿತು. ದೊಡ್ಡ ಸ್ಟುಡಿಯೋ, ಒಳ್ಳೆಯ ಮೈಕು. ನೆಟ್ಟಗೆ ನಿಂತು ಶುರುಮಾಡಿದಳು. ಎರಡು ಸಾಲು ಆಗುವಷ್ಟರಲ್ಲಿ ಅವನು ಕೈಯೆತ್ತಿದ. ‘ನಿಲ್ಸಿ. ಮೇಡಂ, ಬಂತಾ?’ ಬರಲಿಲ್ಲ. ಮತ್ತೆ ಶುರುಮಾಡಿದಳು, ಮತ್ತೆ ಕೈಯೆತ್ತಿದ. ಮತ್ತೊಮ್ಮೆ ಶುರುಮಾಡುವಾಗ ಅವಳ ದನಿ ನಡುಗಿತು. ಆದರೂ ಹಾಡಿದಳು, ಮೂರನೆಯ ಸಾಲಿಗೆ ಬಂದಳು, ಆ ಮನುಷ್ಯ ಮತ್ತೆ ಕೈಯೆತ್ತಿಬಿಟ್ಟ.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

‘ಸಾಕು ನಿಲ್ಸೋ! ಹುಡುಗಿ ಪೂರ್ತಿ ಹಾಡ್ಲಿ ಬಿಡೋ!’

ಗಾಜಿನ ಆಚೆ ಹೆಡ್‌ಫೋನಿನ ಹುಡುಗ ಕುರ್ಚಿಯಿಂದ ಎದ್ದು ನಿಂತ. ಟ್ರೆಂಡಣ್ಣ ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದ. ‘ಇದು! ಇದೇ ಬೇಕಿತ್ತು!’ ಆಮೇಲೆ ಹುಡುಗನ ಕಡೆ ತಿರುಗಿ, ‘ಮೊದಲೆರಡು ಪದ ಇಟ್ಕೋ. ಉಳಿದಿದ್ದು ಕಟ್ ಮಾಡು’ ಎಂದ. ನಾನು ಹೇಳಬೇಕೆಂದಿದ್ದ ಮಾತೇ ಆ ಉಳಿದದ್ದು.

ಕಂಪನಿಯವರ ಹಾಡು ಬಿಡುಗಡೆಯಾಯಿತು. ಡ್ರಮ್ಮಿನ ನಡುವೆ ನಾನು ‘ಸಾಕು ಸಾಕು ಸಾಕು’ ಎಂದು ಅರಚುತ್ತಿದ್ದೆ. ಹಿಂದೆ ಎಲ್ಲೋ ಗುಬ್ಬಿಮರಿಯಂಥ ದನಿಯೊಂದು ಕೀಚುಗುಟ್ಟುತ್ತಿತ್ತು. ಅದು ಮಗಳದಂತೆ, ವೇಗ ಹೆಚ್ಚಿಸಿದ್ದಾರಂತೆ. ಪೂರ್ತಿ ಹಾಡು ಎಲ್ಲೂ ಇರಲಿಲ್ಲ. ಫೋನು ಮಾಡಿ ಕೇಳಿದೆ.

‘ಬಿಡ್ತೀವಿ ಮೇಡಂ, ಮರೆತಿಲ್ಲ. ಮೊದ್ಲು ಪಾರ್ಟ್ ಟೂ ಮಾಡ್ಬಿಡೋಣ. ಯಜಮಾನ್ರಿಗೆ ಬೈಯೋದು ಏನಾದ್ರೂ ಇದ್ಯಾ?’

ಇತ್ತು, ಬೇಕಾದಷ್ಟಿತ್ತು. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದೆಲ್ಲ ಅವನಿಗೇ ಖರ್ಚಾಯಿತು.

ಮಗಳು ಅಳಲಿಲ್ಲ. ಮೈಕಿನ ವೈರು ಸುತ್ತಿ ಡಬ್ಬದಲ್ಲಿಟ್ಟಳು. ಅಂಗಡಿಗೆ ಬಂದು ಮೂಲೆ ಮಡಿಕೆ ಸರಿಯಾಗಿ ಕೂರುವ ಹಾಗೆ ಇಸ್ತ್ರಿ ಮಾಡಿದಳು, ಮುಗಿಸಿ ಸ್ವಿಚ್ಚು ಆರಿಸಿದಳು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಒಂದು ಬಟ್ಟೆಯೂ ಸುಡಲಿಲ್ಲ. ಇಷ್ಟು ವರ್ಷ ಯಾವುದಕ್ಕಾಗಿ ಅರಚಿದ್ದೆನೋ ಅದು ಕೈಗೂಡಿತ್ತು. ಇವಳು ಇನ್ನು ಹಾಡುವುದಿಲ್ಲ ಎಂದು ಗೊತ್ತಾಗಿಹೋಯಿತು.

ಒಂದು ಮಧ್ಯಾಹ್ನ ನಾನೇ ಡಬ್ಬದಿಂದ ಮೈಕು ತೆಗೆದು ಹ್ಯಾಂಗರಿಗೆ ಸಿಕ್ಕಿಸಿದೆ.

‘ಬಾರೇ. ಪೂರ್ತಿ ಹಾಡು.’

‘ಯಾರಿಗಮ್ಮಾ?’

‘ನನಗೆ. ನಾನೂ ಇನ್ನೂ ಕೊನೆತನಕ ಕೇಳಿಲ್ವಲ್ಲ.’

‘ಕಂಪನಿಯವರು ಏನಾದ್ರೂ ಅಂದ್ರೆ?’

‘ಅವರು ಕಾಗದದಲ್ಲಿ ಬರೆಸಿಕೊಂಡಿರೋದು ನನ್ನ ಕೂಗನ್ನ ಮಾತ್ರ. ನಿನ್ನ ಹಾಡನ್ನ ಬರೆಸಿಕೊಳ್ಳೋಷ್ಟು ಮರ್ಯಾದೆ ಅದಕ್ಕೆಲ್ಲಿ ಕೊಟ್ರು? ಹಾಡು.’

ಕಂಪ್ಯೂಟರಿನಿಂದ ಟಕಟಕ ಶುರುವಾಯಿತು. ಕೋಟುಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದ ನನಗೆ ಆಗ ಹೊಳೆಯಿತು. ಅದು ಗಲಾಟೆಯೂ ಅಲ್ಲ, ಯಾವ ವಾದ್ಯವೂ ಅಲ್ಲ, ನನ್ನ ಹೊಲಿಗೆ ಮಿಷಿನ್ನು. ಅದೇ ಓಟ, ದಾರ ತುಂಡಾದಾಗ ಅದೇ ತಡವರಿಕೆ. ಅವಳು ಕದ್ದು ಹಿಡಿದಿಟ್ಟಿದ್ದಳು. ಹಾಡು ಹೋಗುತ್ತ ಹೋಗುತ್ತ, ನಾನು ಯಾವಾಗಲೂ ಬಾಗಿಲು ತಳ್ಳುವ ಜಾಗ ಬಂತು. ಅಲ್ಲಿ ಅವಳು ಅಭ್ಯಾಸಬಲದಿಂದ ತಡೆದು ನಿಂತು ಕಣ್ಣು ತೆರೆದಳು. ನಾನು ತುಟಿ ಬಿಗಿಹಿಡಿದು ಕೂತಿದ್ದೆ. ಮುಂದಕ್ಕೆ ಹಾಡಿದಳು. ಮಿಷಿನ್ನು ನಿಂತಿತು, ಅವಳ ದನಿಯೊಂದೇ ಉಳಿಯಿತು. ಊರಿನವರ ಅಳತೆಯೆಲ್ಲ ಬಾಯಿಪಾಠ ಇರುವವಳೇ, ನಿನ್ನ ಅಳತೆ ತೆಗೆದವರು ಯಾರು ಎಂದು ಕೇಳುತ್ತಿದ್ದಳು.

ನನಗೆ ಅಳು ಬಂತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ, ಸದ್ದು ಮೈಕಿಗೆ ಬೀಳಬಾರದಲ್ಲ. ಕೊನೆಯ ಸ್ವರ ಬಟ್ಟೆಗಳೊಳಗೆ ಇಳಿದುಹೋಯಿತು.

ಆಗ ಅಂಗಡಿಯಿಂದ ಆರ್ತನಾದ ಕೇಳಿಸಿತು. ‘ಅಯ್ಯೋ! ನನ್ನ ಕೋಟು! ಯಾರ್ರೀ ಒಳಗೆ!’

ಇಸ್ತ್ರಿ ಪೆಟ್ಟಿಗೆಯನ್ನು ಈ ಸಲ ಮರೆತವಳು ನಾನು. ಕೋಟು ಒಯ್ಯಲು ಬಂದ ಟ್ರೆಂಡಣ್ಣ ಅದನ್ನು ಎತ್ತಿ ಹಿಡಿದು ನಿಂತಿದ್ದ. ಬೆನ್ನಿನ ಮಧ್ಯೆ ಇಸ್ತ್ರಿ ಪೆಟ್ಟಿಗೆಯ ಪಡಿಯಚ್ಚು, ಅಂಚಿನಲ್ಲಿ ಇನ್ನೂ ಹೊಗೆ.

‘ಬೆನ್ನೆಲ್ಲ ಸುಟ್ಟುಹೋಗಿದೆ ಅಮ್ಮಾ!’ ಎಂದ. ಮೇಡಂ ಅಮ್ಮನಾಗಿದ್ದಳು.

‘ಮುಂದುಗಡೆ ನೋಡಿ ಸರ್. ತೋಳು ಎಷ್ಟು ಚೆನ್ನಾಗಿ ಕೂತಿದೆ. ಹಿಂದಿನ ತನಕ ನೋಡೋ ತಾಳ್ಮೆ ಈಗಿನ ಜನಕ್ಕೆಲ್ಲಿದೆ? ನೀವೇ ಹೇಳಿದ್ರಲ್ಲ,’ ಎಂದೆ ನಾನು.

ಅವನು ಕೋಟು ತಿರುಗಿಸಿ ತೋಳು ನೋಡಿದ. (ಬೆನ್ನಿಗೆ ಹೊಸ ಬಟ್ಟೆ ಹಾಕಿಕೊಟ್ಟೆನೆನ್ನಿ. ಎಷ್ಟಾದರೂ ಗಿರಾಕಿ.) ಅಷ್ಟರಲ್ಲಿ ಮಗಳು ಕಂಪ್ಯೂಟರ್ ಹಿಡಿದು ಹೊರಗೆ ಬಂದಳು, ರೆಕಾರ್ಡಿಂಗ್ ಇನ್ನೂ ಓಡುತ್ತಲೇ ಇತ್ತಂತೆ. ಹಾಡಿನ ಬಾಲಕ್ಕೆ ‘ಅಯ್ಯೋ ನನ್ನ ಕೋಟು’ ಸ್ಪಷ್ಟವಾಗಿ ಅಂಟಿಕೊಂಡಿತ್ತು. ಅದನ್ನು ಕೇಳಿದ್ದೇ ತಡ, ಟ್ರೆಂಡಣ್ಣನ ಕಣ್ಣು ಹೊಳೆಯಿತು. ಸುಟ್ಟ ಕೋಟು ಕೈಯಲ್ಲಿದ್ದರೂ ಹೊಳೆಯಿತು.

‘ಸೂಪರ್! ಇದನ್ನೇ ಹಾಕಿ ಸಿಸ್ಟರ್. ಹಾಡು ತೆಗೀರಿ, ಇದಿಷ್ಟೇ. ಎಲ್ಲಿಗೋ ಹೋಗತ್ತೆ!’

‘ಸಾಕು ನಿಲ್ಸಿ ಸರ್,’ ಎಂದಳು ಮಗಳು. ಕೂಗಲಿಲ್ಲ, ಮೆಲ್ಲಗೇ ಅಂದಳು. ಅವನ ಕೂಗನ್ನು ಕತ್ತರಿಸಿ ಎಸೆದು, ಹಾಡನ್ನು ಪೂರ್ತಿಯಾಗಿ ಹಾಕಿದಳು. ಟಕಟಕನೂ ಸೇರಿ.

ಏನೂ ಆಗಲಿಲ್ಲ. ಲೋಕ ಅಷ್ಟು ಹೊತ್ತಿಗೆ ಇನ್ಯಾರದೋ ಅಜ್ಜಿ ಸೀನಿದ ವಿಡಿಯೋದ ಹಿಂದೆ ಹೋಗಿತ್ತು. ದಿನಕ್ಕೆ ಹತ್ತು ಹನ್ನೆರಡು ಜನ ಬಂದು, ಇಣುಕಿ, ಹೊರಟುಹೋಗುತ್ತಿದ್ದರು. ಮಗಳು ಇಸ್ತ್ರಿ ಮಾಡುತ್ತ ಆಗಾಗ ಫೋನು ನೋಡುತ್ತಿದ್ದಳು. ನಾನು ನೋಡದವಳ ಹಾಗೆ ಕಾಜಾ ಹೊಲಿಯುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ಕಿರುಚಿದ್ದಕ್ಕೆ ಸೂಜಿ ನನ್ನ ಬೆರಳಿಗೇ ಚುಚ್ಚಿತು. ಯಾವನೋ ಸಿಟ್ಟಿನಿಂದ ಹಾಡಿನ ಕೆಳಗೆ ಬರೆದಿದ್ದನಂತೆ: ‘ಆ ಹೆಂಗಸು ಬಂದು ಕೂಗ್ತಾಳೆ ಅಂತ ಕೊನೆತನಕ ಕಾದೆ. ಬರಲೇ ಇಲ್ಲ. ಮೋಸ!’

‘ಅಮ್ಮಾ!’ ಎಂದು ನನ್ನ ಎರಡೂ ಭುಜ ಹಿಡಿದು ಕುಣಿಯುತ್ತಿದ್ದಳು ಮಗಳು. ‘ಕೊನೆತನಕ ಕೇಳಿದಾನಂತೆ ಅಮ್ಮಾ! ಕೊನೆತನಕ!’

ಅವಳ ಹಿಂದೆ ಇಸ್ತ್ರಿ ಸುಡುತ್ತಿತ್ತು.