ತೊಳೆದು ಪೂಜೆ ಮಾಡಿದ ಚೈನು

ಆಯುಧಪೂಜೆಯ ಬೆಳಿಗ್ಗೆ, ಬಿಸಿಲು ಇನ್ನೂ ಹೊಂಗೆಮರದ ತುದಿಯಲ್ಲೇ ಇದ್ದ ಹೊತ್ತು. ಮಾಸ್ತಿಯ ಪಕ್ಕದ ಆ ಊರಲ್ಲಿ ಮನೆಮನೆಯ ಮುಂದೆಯೂ ಗಾಡಿ ತೊಳೆಯುವ ಸಡಗರ. ಚನ್ನರಾಯಪ್ಪನೂ ತನ್ನ ಹಳೆಯ ಬೈಕನ್ನು ಅಂಗಳಕ್ಕೆ ತಂದು ನಿಲ್ಲಿಸಿಕೊಂಡು ಕೂತಿದ್ದ. ಚೈನಿನ ಮೇಲಿನ ಕಪ್ಪು ಜಿಡ್ಡು ಅವನ ಕಣ್ಣಿಗೆ ಮೈಲಿಗೆಯಂತೆ ಕಂಡಿತು. ಸೀಮೆಎಣ್ಣೆ ಹಾಕಿ ಉಜ್ಜಿದ, ಸೋಪಿನ ಪುಡಿ ಹಾಕಿ ತಿಕ್ಕಿದ, ಪೈಪಿನ ನೀರು ಬಿಟ್ಟ. ಚೈನು ಬೆಳ್ಳಿ ಡಾಬಿನ ಹಾಗೆ ಹೊಳೆಯಿತು. ಅದಕ್ಕೂ ಅರಿಶಿನ ಕುಂಕುಮ ಇಟ್ಟ.

ಹೂವಿನ ಹಾರ ತಂದ ಸೊಸೆ ರಂಜಿತ ಬಗ್ಗಿ ನೋಡಿದಳು. "ಮಾವ, ಚೈನಿಗೆ ಒಂದಿಷ್ಟು ಎಣ್ಣೆ ಬಿಡ್ಬೇಕಲ್ವಾ?"

"ಪೂಜೆ ಮಾಡಿದ್ಮೇಲೆ ಯಾರಾದ್ರೂ ಜಿಡ್ಡು ಹಚ್ತಾರೇನಮ್ಮ? ಆಮೇಲೆ ನೋಡಣ ಬಿಡು."

ಆ 'ಆಮೇಲೆ' ಬರಲೇ ಇಲ್ಲ.

ಬೈಕು ಹೆಚ್ಚಾಗಿ ಓಡುತ್ತಿದ್ದುದು ರಂಜಿತಳ ಕೈಯಲ್ಲೇ. ಮಗ ವೆಂಕಟ್ ಇಟ್ಟಿಗೆ ಲಾರಿಯ ಡ್ರೈವರ್. ಹೊರಟರೆ ಯಾವಾಗ ಬರುತ್ತಾನೋ ಹೇಳುವಂತಿಲ್ಲ. ಅವಳು ಮಾಲೂರಿನ ಗಾರ್ಮೆಂಟ್ಸಿಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಊರಿನ ಮೊದಲ ಬಸ್ಸು ಮಾಲೂರು ಸೇರುವಷ್ಟರಲ್ಲಿ ಶಿಫ್ಟು ಶುರುವಾಗಿರುತ್ತಿತ್ತು. ಬೈಕಿದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಹಬ್ಬ ಕಳೆದ ಮೇಲೆ ಜಡಿಮಳೆ ಹಿಡಿಯಿತು. ಬೆಳ್ಳಿಯಂತಿದ್ದ ಚೈನು ಕೆಂಪಗಾಯಿತು.

"ಮಾವ, ಚೈನು ಕಿರ್ ಅಂತೈತೆ. ಒಂದೊಂದ್ಸಲ ಎಗರ್ತೈತೆ."

"ಕುಂಕುಮ ಬಿದ್ದಿರೋ ಗಾಡಿ ಕಣಮ್ಮ, ವರ್ಷಕ್ಕಾಗೋವಷ್ಟು ಕಾವಲೈತೆ," ಎಂದು ಚನ್ನರಾಯಪ್ಪ ನಕ್ಕುಬಿಟ್ಟ.

ಆ ವಾರವೇ ಕೆರೆ ಏರಿಯ ತಿರುವಿನಲ್ಲಿ ಚೈನು ಕಳಚಿಕೊಂಡು ಹಿಂದಿನ ಚಕ್ರಕ್ಕೆ ಸಿಕ್ಕಿ ಹಾಕಿಕೊಂಡಿತು. ರಂಜಿತ ಬಿದ್ದಳು. ಹಿಂದೆ ಬರುತ್ತಿದ್ದ ಹಾಲಿನ ಟೆಂಪೋದವನು ಸಮಯಕ್ಕೆ ಬ್ರೇಕ್ ಹಾಕಿದ್ದಕ್ಕೆ ಮಣಿಕಟ್ಟಿನ ಮೂಳೆ ಬಿರುಕು ಬಿಡುವುದರಲ್ಲೇ ಮುಗಿಯಿತು. ಸಿಕ್ಕಿಕೊಂಡ ಚೈನು ಬಿಡಿಸಿ ಬೈಕನ್ನು ತಳ್ಳಿಕೊಂಡು ಬಂದವನು ಚನ್ನರಾಯಪ್ಪನೇ. ದಾರಿಯುದ್ದಕ್ಕೂ ಆ ತುಕ್ಕು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಬಂದವನೇ ದನದ ಕೊಟ್ಟಿಗೆಯ ಮೂಲೆಗೆ ಗಾಡಿ ಸೇರಿಸಿ, ಚೈನು ಕಾಣದ ಹಾಗೆ ಗೋಣಿತಾಟು ಹೊದಿಸಿದ.

ಸಂಜೆ ಜಗಲಿಯಲ್ಲಿ ಜನ. "ಗೇರ್ ಗಾಡಿ ಹೆಣ್ಮಕ್ಕಳ ಕೈಗೆ ಕೊಟ್ರೆ ಇನ್ನೇನಾಗುತ್ತೆ ಚನ್ನರಾಯಪ್ಪ? ಪುಣ್ಯಕ್ಕೆ ತಲೆ ಉಳೀತು," ಎಂದ ಪಕ್ಕದ ಮನೆಯ ಕೋದಂಡರಾಮಪ್ಪ.

"ನಾನು ಮೊದ್ಲೇ ಬಡ್ಕೊಂಡೆ. ಈ ಮನೇಲಿ ನನ್ನ ಮಾತು ಯಾರಿಗೆ ಬೇಕು?" ಎಂದಳು ಅತ್ತೆ ಶ್ಯಾಮಲಮ್ಮ.

"ಇನ್ಮೇಲೆ ಗಾಡಿ ಮುಟ್ಬೇಡ. ಕೆಲಸಾನೂ ಬೇಡ," ಎಂದ ವೆಂಕಟ್. "ನೀನು ರೋಡಲ್ಲಿ ಬಿದ್ದಿದ್ದೆ ಅಂತ ಫೋನ್ ಬಂದಾಗ ನನ್ನ ಕೈಕಾಲು ಆಡ್ಲಿಲ್ಲ ಕಣೇ."

ರಂಜಿತ ಮಾವನ ಕಡೆ ನೋಡಿದಳು. ಒಂದೇ ನೋಟ. ಚನ್ನರಾಯಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ.

"ನಂದೇ ತಪ್ಪು. ತಿರುವಲ್ಲಿ ಕೈ ತಪ್ತು," ಎಂದುಬಿಟ್ಟಳು ಅವಳು.

ಅಂದಿನಿಂದ ಚನ್ನರಾಯಪ್ಪ ಸೊಸೆಯ ಎದುರು ಊಟಕ್ಕೆ ಕೂರುವುದನ್ನೇ ಬಿಟ್ಟ. ಅವಳು ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು. ಅವಳು ಒಂದೇ ಕೈಯಲ್ಲಿ ಪಾತ್ರೆ ಬೆಳಗುವುದನ್ನು ಕಂಡಾಗಲೆಲ್ಲ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ. ಅಲ್ಲಿ ಗೋಣಿತಾಟು ಕಾಯುತ್ತಿತ್ತು. ಅವನಪ್ಪ ಎತ್ತಿನ ಗಾಡಿ ತೊಳೆದ ದಿನ, ಬಿದಿರುಗೊಟ್ಟದ ಕೀಲೆಣ್ಣೆಯನ್ನು ಅಚ್ಚಿಗೆ ಹಾಕುವವರೆಗೂ ನೊಗಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಅದನ್ನು ನೋಡುತ್ತಲೇ ಬೆಳೆದವನು ತಾನು. ಗೊತ್ತಿಲ್ಲ ಎನ್ನುವ ಹಾಗೂ ಇರಲಿಲ್ಲ.

ಕಾರ್ತಿಕ ಮುಗಿಯುತ್ತ ಬಂತು. ಕೈಯ ಕಟ್ಟು ಬಿಚ್ಚಿದರು. ಸೋಮವಾರ ಬರದಿದ್ದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತಾರೆಂದು ಗಾರ್ಮೆಂಟ್ಸಿನ ಗೆಳತಿ ದಿವ್ಯ ಫೋನ್ ಮಾಡಿದಳು. ಹಿತ್ತಲಲ್ಲಿ ರಂಜಿತ ಹೇಳುತ್ತಿದ್ದುದು ಚನ್ನರಾಯಪ್ಪನ ಕಿವಿಗೆ ಬಿತ್ತು. "ಬೇರೆಯವರನ್ನ ಸೇರಿಸ್ಕೊಳ್ಳಲಿ ಬಿಡೇ. ನಂಗೆ ಗಾಡಿ ಓಡ್ಸೋಕೆ ಬರಲ್ಲ ಅಂತ ಊರಿಗೇ ಗೊತ್ತಾಗೈತೆ."

ಚನ್ನರಾಯಪ್ಪ ಎದ್ದ. ಗಾಡಿಯನ್ನು ಮಾಸ್ತಿಗೆ ತಳ್ಳಿಕೊಂಡು ಹೋಗಿ ಹೊಸ ಚೈನು ಹಾಕಿಸಿಕೊಂಡು ಬಂದ. ಹಳೆಯದನ್ನು ಬಿಸಾಡದೆ ತಂದು ಜಗಲಿಯ ಮೇಲಿಟ್ಟ. ಭಾನುವಾರ ಬೆಳಿಗ್ಗೆ, ಜನ ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಸರಿಯಾಗಿ, ಅಂಗಳದಲ್ಲಿ ಬೈಕಿಗೆ ದೊಡ್ಡ ಸ್ಟ್ಯಾಂಡ್ ಹಾಕಿ ಕೂತ. ಚಕ್ರವನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತ ಚೈನಿನ ಒಂದೊಂದೇ ಕೊಂಡಿಗೆ ಎಣ್ಣೆ ಬಿಟ್ಟ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿದ.

"ಏನ್ ಚನ್ನರಾಯಪ್ಪ, ಗಾಡಿ ಮಾರ್ತೀಯಾ?" ಎಂದ ಕ್ಯಾನು ಹಿಡಿದ ಕೋದಂಡರಾಮಪ್ಪ.

"ಇಲ್ಲ ಕಣಯ್ಯ, ಸೊಸೆಗೆ." ತುಕ್ಕು ಹಿಡಿದ ಚೈನನ್ನು ಎತ್ತಿ ತೋರಿಸಿದ. "ಅವಳಾಗಿ ಬೀಳ್ಲಿಲ್ಲ, ನಾನು ಬೀಳ್ಸಿದ್ದು. ಇದ್ದ ಎಣ್ಣೆಯೆಲ್ಲ ತೊಳೆದು ಪೂಜೆ ಮಾಡಿದೋನು ನಾನು. ಅವಳು ಎರಡು ಸಲ ಹೇಳಿದ್ಳು. ನೀವೆಲ್ಲ ಅವಳನ್ನ ಅಂದಾಗ ಬಾಯಿ ಮುಚ್ಕೊಂಡು ಕೂತಿದ್ದೆ."

ಕೋದಂಡರಾಮಪ್ಪ ಕ್ಯಾನನ್ನು ಕೈ ಬದಲಾಯಿಸಿಕೊಂಡ. ಹಲ್ಲುಜ್ಜುತ್ತಿದ್ದ ವೆಂಕಟ್ ಹಾಗೇ ನಿಂತ. ಮೊರ ಹಿಡಿದಿದ್ದ ಶ್ಯಾಮಲಮ್ಮ ಸೊಸೆಯ ಕಡೆ ತಿರುಗಿದಳು. "ನೀನ್ಯಾಕೆ ಹೇಳ್ಲಿಲ್ಲ?"

"ಅದು ಮಾವ ಹೇಳ್ಬೇಕಾಗಿದ್ದ ಮಾತಲ್ವಾ ಅತ್ತೆ."

ವೆಂಕಟ್ ಬಾಯಿ ಮುಕ್ಕಳಿಸಿ ಬಂದು ಚೈನಿನ ಬಿಗಿ ನೋಡಿದ, ಟೈರು ಒತ್ತಿ ನೋಡಿದ. "ತಿರುವಲ್ಲಿ ನಿಧಾನ," ಎಂದಷ್ಟೇ ಹೆಂಡತಿಗೆ ಹೇಳಿದ.

ಮರುದಿನ ಮಂಜು ಇನ್ನೂ ರಾಗಿಹೊಲದ ಮೇಲೇ ಇತ್ತು. ರಂಜಿತ ಬಗ್ಗಿ ಚೈನಿಗೆ ಬೆರಳು ತಾಗಿಸಿದಳು. ಬೆರಳಿಗೆ ಎಣ್ಣೆ ಹತ್ತಿತು. ಮಾವನ ಹೆಗಲ ಮೇಲಿನ ಬಿಳೀ ಟವೆಲಿಗೆ ಅದನ್ನು ಒರೆಸಿ, ಹೆಲ್ಮೆಟ್ ಹಾಕಿಕೊಂಡಳು. ಚನ್ನರಾಯಪ್ಪ ಆ ಕಲೆಯನ್ನು ನೋಡಿಕೊಂಡು ನಿಂತ. ಕಡೇ ಕಾರ್ತಿಕ ಸೋಮವಾರ, ಮೊದಲ ಬಸ್ಸಿಗಿಂತ ಮುಂಚೆ, ರಂಜಿತ ಮಾಲೂರಿಗೆ ಹೊರಟಳು.